ಅಕ್ಕನ ಮುಖಕ್ಕೆ ಒಪ್ಪುವ ಕನ್ನಡಕ

ನಮ್ಮ ಊರಿನಲ್ಲಿ ಕನ್ನಡಕ ಹಾಕುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಅಕ್ಕನಿಗೆ ಒಪ್ಪುವ ಕನ್ನಡಕ ಹಾಕಿಕೊಂಡು ತಿರುಗುತ್ತಾರೆ. ಅವರಿಗೆ ಅದು ಒಪ್ಪುವುದಿಲ್ಲ. ಚಪ್ಪಟೆ ಮೂಗಿನವರಿಗೆ ಜಾರುತ್ತದೆ, ಅಗಲ ಮುಖದವರಿಗೆ ಕಿವಿಯ ಹಿಂದೆ ಒತ್ತಿ ಗಾಯ ಮಾಡುತ್ತದೆ. ಆದರೂ ಬೆರಳಿನಿಂದ ಮೇಲೆ ತಳ್ಳಿಕೊಳ್ಳುತ್ತ, ಕಿವಿ ಸವರಿಕೊಳ್ಳುತ್ತ ಹಾಕಿಕೊಂಡೇ ಇರುತ್ತಾರೆ. ಯಾಕೆಂದರೆ ಅಂಗಡಿಯಲ್ಲಿ ಅಕ್ಕನ ಮುಖದ ಮೇಲೆ ಅದು ಚೆನ್ನಾಗಿ ಕಂಡಿತ್ತು.

ಅಕ್ಕ ಕೆಲಸ ಮಾಡುವ ಕನ್ನಡಕದಂಗಡಿಯ ಪದ್ಧತಿಯೇ ಹಾಗೆ. ಗಿರಾಕಿ ಸ್ಟೂಲಿನ ಮೇಲೆ ಕೂತು ಒಂದು ಫ್ರೇಮಿನ ಕಡೆ ಬೆರಳು ತೋರಿಸಿದರೆ ಯಜಮಾನ ಅದನ್ನು ಗಿರಾಕಿಯ ಕೈಗೆ ಕೊಡುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ನಿಂತಿರುವ ಅಕ್ಕನ ಮೂಗಿಗೆ ಏರಿಸಿ, “ಹೇಗಿದೆ ನೋಡಿ” ಎನ್ನುತ್ತಾನೆ. ಬೆಳ್ಳನೆಯ ಮುಖ, ನೆಟ್ಟಗಿನ ಮೂಗು. ಆ ಮುಖಕ್ಕೆ ಎರಡು ಬಾಟಲಿ ಮುಚ್ಚಳ ಕಟ್ಟಿದರೂ ಚೆನ್ನಾಗಿಯೇ ಕಾಣುತ್ತದೆ. ಗಿರಾಕಿ ಮರುಳಾಗಿ ಹಣ ಕೊಟ್ಟು, ಮನೆಗೆ ಹೋಗಿ ಹಾಕಿ ನೋಡಿಕೊಂಡು, ತಪ್ಪು ತನ್ನ ಮುಖದ್ದೇ ಇರಬೇಕು ಅಂದುಕೊಂಡು ತೆಪ್ಪಗಾಗುತ್ತಾನೆ. ಒಪ್ಪುವುದಿಲ್ಲ ಎಂದು ಒಬ್ಬನಾದರೂ ವಾಪಸ್ ತಂದು ಜಗಳ ತೆಗೆದದ್ದನ್ನು ನಾನು ಕೇಳಿಲ್ಲ. ಇಂಥ ಜನ ಇರುವತನಕ ಅಂಥ ಅಂಗಡಿಗಳಿಗೆ ಸಾವಿಲ್ಲ.

ಅಕ್ಕನನ್ನು ಮನೆಯಲ್ಲಿ ಕರೆಯುವುದು ಬೆಣ್ಣೆ ಅಂತ. ನನ್ನನ್ನು ಸಾಸಿವೆ ಅಂತ. ಬಣ್ಣ ನೋಡಿ ಇಟ್ಟ ಹೆಸರು. ಆಮೇಲೆ ನನ್ನ ಗುಣವೂ ಹೆಸರಿಗೆ ಹೊಂದಿಕೊಂಡಿತು, ಬಿಸಿ ತಾಗಿದರೆ ಸಿಡಿಯುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೆಗ್ಗಣದ ಸರದಿ ಬರಲೇ ಇಲ್ಲ, ಅಮ್ಮನ ಮುದ್ದೆಲ್ಲ ಬೆಣ್ಣೆಗೇ ಖರ್ಚಾಗಿಹೋಯಿತು. ನಾನು ಶಾಲೆಯ ವ್ಯಾನ್ ಓಡಿಸುತ್ತೇನೆ. ಬಲಗೈ ಕಿಟಕಿಯ ಬಿಸಿಲಿಗೆ ಎಡಗೈಗಿಂತ ಎರಡು ಪಟ್ಟು ಕರ್ರಗಾಗಿದೆ, ಅದರ ಬಗ್ಗೆ ಮನೆಯಲ್ಲಿ ಯಾರೂ ಸಭೆ ಸೇರಿಲ್ಲ. ಅಕ್ಕನ ಮುಖದ ಬಗ್ಗೆ ಮಾತ್ರ ಸಭೆ ಸೇರಿತು.

ಆದದ್ದಿಷ್ಟು. ವರ್ಷಗಟ್ಟಲೆ ದಿನವಿಡೀ ಫ್ರೇಮ್ ಏರಿಸಿ ಇಳಿಸಿ ಅಕ್ಕನ ಮೂಗಿನ ಎರಡೂ ಪಕ್ಕದಲ್ಲಿ ಹುಣಸೆ ಬೀಜದಷ್ಟು ಗಾತ್ರದ ಕಪ್ಪು ಗುಳಿ ಬಿದ್ದಿತ್ತು. ನಲವತ್ತು ದಾಟಿದ ಮೇಲೆ ಕೆನ್ನೆಗಳ ಮೇಲೆ ಬಂಗು ಬೇರೆ ಹರಡಿಕೊಂಡಿತು. ಅದನ್ನೆಲ್ಲ ಮುಚ್ಚಲು ಅವಳು ಯಾವುದೋ ಅಗ್ಗದ ಫೌಂಡೇಶನ್ ಹಚ್ಚಿಕೊಂಡು ಹೋಗುತ್ತಿದ್ದಳು. ಅದು ಮೂಗಿನ ಮೇಲೆ ನಿಲ್ಲದೆ ಫ್ರೇಮುಗಳಿಗೆ ಅಂಟತೊಡಗಿತು. ಒಬ್ಬ ವಕೀಲರ ಹೆಂಡತಿ ಹೊಸ ಕನ್ನಡಕ ಮನೆಗೆ ಒಯ್ದು ನೋಡಿದರೆ ಮೂಗಿನ ಮೇಲೆ ಕೂರುವ ಎರಡು ಸಣ್ಣ ಗುಂಡಿಗಳಿಗೆ ಯಾರದೋ ಮುಖದ ಬಣ್ಣ ಮೆತ್ತಿಕೊಂಡಿದೆ. ಆಕೆ ಅಂಗಡಿಗೆ ಬಂದು, ಇದು ಹೊಸದೋ ಹಳೆಯದೋ ಎಂದು ಎಲ್ಲರ ಎದುರು ಕೇಳಿದಳು. ಕನ್ನಡಕ ತನಗೆ ಒಪ್ಪುವುದಿಲ್ಲ ಎಂಬುದು ಆಕೆಗೆ ಹೊಳೆಯಲಿಲ್ಲ, ಅದು ಬೇರೆ ಮಾತು.

ಯಜಮಾನ ಅಕ್ಕನನ್ನು ಕರೆದು ಹೇಳಿದ. “ನೋಡಮ್ಮ, ಮೂಗಿನ ಕಲೆ ಕಾಣಬಾರದು. ಮುಚ್ಚಿದ ಬಣ್ಣ ಫ್ರೇಮಿಗೆ ಅಂಟಬಾರದು. ಮುಂದಿನ ಸೋಮವಾರ ಸಂಜೆ ನಾನೇ ಬಿಳಿ ಬಟ್ಟೇಲಿ ಒರೆಸಿ ನೋಡ್ತೀನಿ. ಆಗಲ್ಲ ಅಂದ್ರೆ ಹೇಳ್ಬಿಡು, ಬೇರೆ ಮುಖ ಹುಡುಕ್ಕೋತೀನಿ.” ಆ ಕಲೆ ತನ್ನ ಫ್ರೇಮುಗಳೇ ಮಾಡಿದ್ದು ಎಂಬುದು ಅವನ ನೆನಪಿನಲ್ಲಿ ಇರಲಿಲ್ಲ. ಅಂಥವರ ನೆನಪಿನಲ್ಲಿ ಅಂಥದ್ದು ಇರುವುದೂ ಇಲ್ಲ.

ಇದರಲ್ಲಿ ಇನ್ನೊಂದು ಸಂಗತಿ ಇತ್ತು, ಮನೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಅಕ್ಕನಿಗೆ ಮುಂದೆ ನಿಲ್ಲುವುದೇ ಬೇಡವಾಗಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಸಾಣೆ ಚಕ್ರ, ಒಂದು ಮೇಜು, ಒಂದು ಕುರ್ಚಿ ಇವೆ. ಅಲ್ಲಿ ಫ್ರೇಮಿಗೆ ಗಾಜು ಕೂರಿಸುವ ಅಜ್ಜ ಒಬ್ಬರಿದ್ದರು. ಊಟದ ಬಿಡುವಿನಲ್ಲಿ ಅಕ್ಕ ಅವರ ಪಕ್ಕ ನಿಂತು, ಗಾಜಿನ ಅಂಚು ಸವೆಸುವುದು, ಫ್ರೇಮ್ ಬಿಸಿ ಮಾಡಿ ಹಿಗ್ಗಿಸುವುದು, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂ ಬಿಗಿಯುವುದು, ಎಲ್ಲ ಕಲಿತಿದ್ದಳು. ಅಜ್ಜ ಕೈ ನಡುಗತೊಡಗಿದ ಮೇಲೆ ಕೆಲಸ ಬಿಟ್ಟರು. ಆ ಕುರ್ಚಿ ಖಾಲಿಯಾಯಿತು. ಅಕ್ಕ ಧೈರ್ಯ ಮಾಡಿ ಯಜಮಾನನನ್ನು ಕೇಳಿದಳು. ಅವನು ನಕ್ಕ.

“ನಿನ್ನಂಥ ಮುಖ ಇಟ್ಕೊಂಡು ಹಿಂದೆ ಕೂರ್ತೀಯಾ? ಹಿಂದೆ ಕೂರೋಕೆ ಮುಖ ಯಾಕಮ್ಮ ಬೇಕು. ಅಲ್ಲದೆ ಅಲ್ಲಿ ಕೂತ್ರೆ ನೀನು ಕನ್ನಡಕ ಹಾಕ್ಬೇಕು.”

ಇದು ಆ ಅಂಗಡಿಯ ದೊಡ್ಡ ತಮಾಷೆ. ಅಕ್ಕನಿಗೆ ಹತ್ತಿರದ್ದೆಲ್ಲ ಮಸುಕು. ಎದುರಿನ ಸ್ಟೂಲಿನ ಗಿರಾಕಿಯ ಮುಖವೂ ಮಸುಕು, ಕನ್ನಡಿಯಲ್ಲಿ ತನ್ನ ಮುಖವೂ ಮಸುಕು. ಆದರೆ ಅಂಗಡಿಯಲ್ಲಿ ಅವಳು ತನ್ನ ಕನ್ನಡಕ ಹಾಕಿಕೊಳ್ಳುವ ಹಾಗಿಲ್ಲ, ಯಾಕೆಂದರೆ ಆ ಮೂಗು ಮಾರಾಟದ ಫ್ರೇಮುಗಳಿಗೆ ಮೀಸಲು. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳಿಲ್ಲ. ಅವಳು ಅಜ್ಜನ ಮೇಜಿನ ಕೆಳಗಿನ ಗುಜರಿ ಡಬ್ಬಿಯಿಂದ ತುಂಡುಗಳನ್ನು ಆಯ್ದು ತನಗೊಂದು ಕನ್ನಡಕ ಮಾಡಿಕೊಂಡಿದ್ದಳು. ಒಂದು ಕಡ್ಡಿ ಕಪ್ಪು, ಇನ್ನೊಂದು ಕಂದು. ಅದನ್ನು ಬ್ಯಾಗಿನ ತಳದಲ್ಲಿ ಕಳ್ಳಮಾಲಿನ ಹಾಗೆ ಮುಚ್ಚಿಟ್ಟುಕೊಂಡು, ಊಟದ ಬಿಡುವಿನಲ್ಲಿ ಮಾತ್ರ ತೆಗೆಯುತ್ತಿದ್ದಳು.

ಮನೆಯ ಸಭೆಯಲ್ಲಿ ಅವಳು ಹಿಂದಿನ ಕುರ್ಚಿಯ ವಿಷಯ ಎತ್ತಿದಳು. ಎತ್ತಿದ ಕೂಡಲೇ ಅಮ್ಮ ಇಳಿಸಿದಳು.

“ಹುಚ್ಚು ಹಿಡಿದಿದೆಯಾ ನಿಂಗೆ? ದೇವರು ಕೊಟ್ಟ ಬಣ್ಣ ಇಟ್ಕೊಂಡು ಧೂಳಲ್ಲಿ ಕೂರ್ತಾಳಂತೆ. ಆ ಬಣ್ಣ ನನ್ನ ಕಡೆಯಿಂದ ಬಂದದ್ದು, ಗೊತ್ತಾ?”

ಅಮ್ಮನ ಕಡೆಯವರನ್ನೆಲ್ಲ ನಾನು ನೋಡಿದ್ದೇನೆ. ಅಲ್ಲಿ ಬೆಳ್ಳಗಿದ್ದದ್ದು ಗೋಡೆ ಮಾತ್ರ.

ಭಾವ, ಅಂದರೆ ಅಕ್ಕನ ಗಂಡ, ಬಾಡಿಗೆ ಮನೆ ತೋರಿಸುವ ದಲ್ಲಾಳಿ. ಅವನು ಗಂಟಲು ಸರಿ ಮಾಡಿಕೊಂಡ. “ಅತ್ತೆ ಹೇಳೋದು ಸರಿ. ಮನೆ ಎಷ್ಟೇ ಹಳೇದಾಗಿರಲಿ, ತೋರಿಸೋ ಮುಂಚೆ ಬಣ್ಣ ಹೊಡಿಸ್ತೀವಿ. ಸೋರೋದೆಲ್ಲ ಆಮೇಲಿನ ಮಾತು. ಒಳ್ಳೇ ಮಾಲು ತಗೊಳ್ಳೋಣ, ಕೈ ಬಿಗಿ ಹಿಡಿಯೋದು ಬೇಡ.”

ಹೆಂಡತಿಯ ಮುಖದ ಬಗ್ಗೆ ಒಬ್ಬ ಗಂಡಸು ಇಷ್ಟು ಪ್ರೀತಿಯಿಂದ ಮಾತಾಡಿದ್ದನ್ನು ನಾನು ಎಲ್ಲೂ ಕೇಳಿರಲಿಲ್ಲ. ಅಕ್ಕ ಸರಿ ಎಂದು ತಲೆಯಾಡಿಸಿದಳು. ಅವಳದ್ದು ಬೆಣ್ಣೆಯ ಸ್ವಭಾವವೇ, ಯಾರು ಒತ್ತಿದರೂ ಬೆರಳು ಮೂಡುತ್ತದೆ. ಅದನ್ನು ನೋಡಿದಾಗಲೆಲ್ಲ ನನಗೆ ಅವಳ ಮೇಲೂ ಸಿಟ್ಟೇ ಬರುತ್ತಿತ್ತು.

ಭಾನುವಾರ ನಾಲ್ವರೂ ನನ್ನ ಶಾಲಾ ವ್ಯಾನಿನಲ್ಲಿ ಕೂತು ಪೇಟೆಗೆ ಹೋದೆವು. ಮೇಕಪ್ಪಿನ ಅಂಗಡಿ ಗಾಜಿನದು, ಒಳಗೆ ತಲೆನೋವು ಬರಿಸುವ ವಾಸನೆ. ಎಲ್ಲಿ ನೋಡಿದರೂ ಕನ್ನಡಿ, ಕನ್ನಡಿಯ ಸುತ್ತ ಹಳದಿ ಬಲ್ಬು. ಆ ಬೆಳಕಿನಲ್ಲಿ ಹೆಣವೂ ಲವಲವಿಕೆಯಿಂದ ಕಾಣುತ್ತದೆ. ಅಲ್ಲಿನ ಸೇಲ್ಸ್ ಹುಡುಗಿ ತಾನು ಮಾರುವ ಸರಕನ್ನೆಲ್ಲ ತನ್ನ ಮೇಲೇ ಖಾಲಿ ಮಾಡಿದ್ದಳು. ಅವಳ ಮುಖ ಒಂದು ದೇಶ, ಕುತ್ತಿಗೆ ಇನ್ನೊಂದು ದೇಶ, ನಡುವೆ ದವಡೆಯ ಉದ್ದಕ್ಕೂ ಗಡಿ ಎದ್ದು ಕಾಣುತ್ತಿತ್ತು.

“ಯಾರಿಗೆ ಮೇಡಂ?” ಎಂದು ಕೇಳಿ, ನನ್ನ ಕಡೆ ನೋಡಿ, ಉತ್ತರಕ್ಕೆ ಕಾಯದೆ ಕಣ್ಣು ತಿರುಗಿಸಿ ಅಕ್ಕನ ಮೇಲೆ ನಿಲ್ಲಿಸಿದಳು. “ಓ, ಇವರಿಗಾ. ಬೆಳ್ಳಗಿರೋರಿಗೆ ಬೇಕಾದಷ್ಟಿದೆ ಬನ್ನಿ.”

“ಬೆಳಿಗ್ಗೆ ಹಚ್ಚಿದ್ರೆ ಸಂಜೆ ತನಕ ಇರ್ಬೇಕು,” ಎಂದಳು ಅಮ್ಮ.

“ಒರೆಸಿದ್ರೂ ಬರಬಾರದು,” ಎಂದ ಭಾವ.

“ಇದು ನೋಡಿ ಆಂಟಿ. ಇವತ್ತು ಹಚ್ಚಿದ್ರೆ ನಾಳೆ ಬೆಳಿಗ್ಗೆ ತನಕ ಅಲ್ಲಾಡಲ್ಲ. ಬೆವರಿದ್ರೂ ಇರುತ್ತೆ, ಅತ್ರೂ ಇರುತ್ತೆ.”

“ನಕ್ರೆ?” ಎಂದು ಕೇಳಿದೆ ನಾನು.

ಹುಡುಗಿ ಸ್ವಲ್ಪ ಯೋಚಿಸಿದಳು. “ಜಾಸ್ತಿ ನಗಬಾರದು ಮೇಡಂ,” ಎಂದಳು.

ಅದೊಂದೇ ಅಲ್ಲ. ಅದರ ಕೆಳಗೆ ಹಚ್ಚುವುದೊಂದು, ಅದರ ಮೇಲೆ ಉದುರಿಸುವುದೊಂದು, ಎಲ್ಲ ಮುಗಿದ ಮೇಲೆ ಗಿಡಕ್ಕೆ ಔಷಧಿ ಹೊಡೆದ ಹಾಗೆ ಸಿಂಪಡಿಸುವುದೊಂದು, ರಾತ್ರಿ ಅದನ್ನೆಲ್ಲ ಕೀಳಲು ಬೇರೆಯೇ ಒಂದು ಎಣ್ಣೆ. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಗೊಣಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗಿ ಮೂರು ಬಾಟಲಿ ತೆಗೆದು ಅಕ್ಕನ ದವಡೆಯ ಮೇಲೆ ಮೂರು ಗೆರೆ ಎಳೆದಳು. ಮೊದಲನೆಯದು ಎಲ್ಲಕ್ಕಿಂತ ಬಿಳಿ, ಎರಡನೆಯದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಮೂರನೆಯದು ಇನ್ನೂ ಕೆಳಗೆ.

“ನಿಮ್ಮ ಮೈಬಣ್ಣದಲ್ಲಿ ಯಾವುದು ಕರಗಿ ಹೋಗುತ್ತೋ ಅದು ನಿಮ್ದು,” ಎಂದಳು. ಅವಳ ಬಾಯಿಂದ ಬಂದ ಒಂದೇ ಒಂದು ಬುದ್ಧಿಯ ಮಾತು ಅದು. ತನ್ನ ಮುಖಕ್ಕೆ ಅದನ್ನು ಯಾಕೆ ಹೇಳಿಕೊಳ್ಳಲಿಲ್ಲವೋ ಕಾಣೆ.

ಅಕ್ಕ ಕನ್ನಡಿಯ ಹತ್ತಿರ ಬಗ್ಗಿದಳು, ಹಿಂದೆ ಸರಿದಳು, ಮತ್ತೆ ಬಗ್ಗಿದಳು. ಬ್ಯಾಗಿಗೆ ಕೈ ಹಾಕಿ ತನ್ನ ಎರಡು ಬಣ್ಣದ ಕಡ್ಡಿಗಳ ಕನ್ನಡಕ ಹೊರತೆಗೆದಳು. ಅಮ್ಮ ಅದನ್ನು ತಟ್ಟನೆ ಕಿತ್ತುಕೊಂಡು ಮತ್ತೆ ಬ್ಯಾಗಿಗೇ ತುರುಕಿದಳು.

“ಬಣ್ಣ ಹಸಿ ಇದೆ, ಕೆದರಿಬಿಡ್ತೀಯ. ಅದೂ ಈ ದರಿದ್ರ ಕನ್ನಡಕ ಎಲ್ಲರ ಎದುರಿಗೆ.”

“ಅಮ್ಮಾ, ನಂಗೆ ಮೂರೂ ಒಂದೇ ಥರ ಕಾಣ್ತಿದೆ.”

“ನೀನು ಯಾಕೆ ನೋಡ್ಬೇಕು?” ಎಂದ ಭಾವ. “ನೋಡೋರು ನಾವು.”

ಈ ಮಾತನ್ನು ಅವನು ಬಹಳ ಸಹಜವಾಗಿ ಹೇಳಿದ. ಗಡಿಯಾರದ ಕಡೆ ನೋಡುತ್ತ ಹೇಳಿದ. ಅಕ್ಕ ಅವನನ್ನೇ ನೋಡಿದಳು. ಅವನೂ ಮಸುಕಾಗಿಯೇ ಕಂಡಿರಬೇಕು, ಒಂದು ಲೆಕ್ಕದಲ್ಲಿ ಅವನ ಪುಣ್ಯ.

ನಾನು ಅಕ್ಕನ ಕೈ ಹಿಡಿದು ಅಂಗಡಿಯ ಹೊರಗೆ ಬಿಸಿಲಿಗೆ ಕರೆದುಕೊಂಡು ಬಂದೆ. ಹಳದಿ ಬಲ್ಬಿನ ನಾಟಕ ಅಲ್ಲಿ ಮುಗಿಯಿತು. ಮೊದಲನೆಯ ಗೆರೆ ಸುಣ್ಣ ಬಳಿದ ಹಾಗೆ ಎದ್ದು ಕಾಣುತ್ತಿತ್ತು. ಎರಡನೆಯದೂ ಕಾಣುತ್ತಿತ್ತು. ಮೂರನೆಯದು ಎಲ್ಲಿದೆ ಎಂದು ನಾನು ಹುಡುಕಬೇಕಾಯಿತು. ಅಕ್ಕ ಈಗ ಅಷ್ಟು ಬೆಳ್ಳಗಿಲ್ಲ, ಗೋಧಿಯ ಬಣ್ಣಕ್ಕೆ ಬಂದಿದ್ದಾಳೆ ಎಂದು ಆವತ್ತು ನಾನೂ ಮೊದಲ ಸಲ ಸರಿಯಾಗಿ ನೋಡಿದೆ.

“ಮೂರನೇದು,” ಎಂದೆ ಒಳಗೆ ಬಂದು.

ಅಮ್ಮ ಆಗ ಪರ್ಸ್ ತೆರೆದಳು. ಅದರೊಳಗಿನ ಪ್ಲಾಸ್ಟಿಕ್ಕಿನಿಂದ ಒಂದು ಫೋಟೋ ತೆಗೆದು ಹುಡುಗಿಯ ಎದುರು ಹಿಡಿದಳು. ಅಕ್ಕನ ಇಪ್ಪತ್ತರ ವಯಸ್ಸಿನ ಫೋಟೋ. ಅದನ್ನು ತೆಗೆದ ಸ್ಟುಡಿಯೋದವನು ಕುಂಚ ಹಿಡಿದು ಎಲ್ಲರನ್ನೂ ಒಂದು ಕೈ ಬೆಳ್ಳಗೆ ಮಾಡಿಯೇ ಕಳಿಸುತ್ತಿದ್ದ ಆಸಾಮಿ. ಅವನ ಕೈಯಲ್ಲಿ ಸಿಕ್ಕಿದ್ದರೆ ನಾನೂ ಒಂದು ನಮೂನೆ ಗೋಧಿ ಆಗಿರುತ್ತಿದ್ದೆ.

“ನನ್ನ ಮಗಳ ಬಣ್ಣ ಇದು. ಇದಕ್ಕೆ ಯಾವುದು ಹೊಂದುತ್ತೋ ನೋಡಿ ಕೊಡು.”

“ಅಮ್ಮಾ, ಮುಖ ಇಲ್ಲಿದೆ,” ಎಂದೆ. “ಫೋಟೋಗೆ ಹಚ್ಚೋದಲ್ಲ, ಮುಖಕ್ಕೆ ಹಚ್ಚೋದು.”

“ನೀನು ಸುಮ್ನಿರು ಸಾಸಿವೆ. ಬಣ್ಣದ ವಿಷ್ಯ ನಿಂಗೇನು ಗೊತ್ತು.”

ಹುಡುಗಿ ಬಾಟಲಿಗಳನ್ನು ಒಂದೊಂದಾಗಿ ಫೋಟೋದ ಕೆನ್ನೆಗೆ ಹಿಡಿದಳು. ನಗು ತಡೆದುಕೊಂಡಳೋ ಇಲ್ಲವೋ, ಆ ಮುಖದ ಮೇಲೆ ಯಾವುದೂ ತಿಳಿಯುವಂತಿರಲಿಲ್ಲ. ಭಾವ ಫೋಟೋವನ್ನು ಬಲ್ಬಿನ ಹತ್ತಿರ ಹಿಡಿದುಕೊಂಡ. ಮೂವರೂ ತಲೆಗೆ ತಲೆ ತಾಗಿಸಿ, ಅಕ್ಕನಿಗೆ ಬೆನ್ನು ತಿರುಗಿಸಿ ನಿಂತು, ಇಪ್ಪತ್ತು ವರ್ಷ ದಾಟಿದ ಕಾಗದದ ತುಂಡಿಗೆ ಒಪ್ಪುವ ಫೌಂಡೇಶನ್ ಆರಿಸಿದರು. ಎಲ್ಲಕ್ಕಿಂತ ಬಿಳಿಯದೇ ಗೆದ್ದಿತು. ಅಕ್ಕ ದವಡೆಯ ಮೇಲೆ ಮೂರು ಗೆರೆ ಇಟ್ಟುಕೊಂಡು ಹಿಂದೆ ನಿಂತಿದ್ದಳು.

ಸಂಜೆ ಮನೆಯಲ್ಲಿ ತಾಲೀಮು ನಡೆಯಿತು. ಅಮ್ಮ ಅಕ್ಕನ ಮುಖಕ್ಕೆ ಕೆಳಗಿನದು, ನಡುವಿನದು, ಮೇಲಿನದು ಹಚ್ಚಿ ಸಿಂಪಡಿಸಿದಳು. ಭಾವ ತನ್ನ ತಂಪು ಕನ್ನಡಕ ತಂದು ಅವಳ ಮೂಗಿಗೆ ಏರಿಸಿ ಇಳಿಸಿ, ತನ್ನ ಬಿಳಿ ಬನಿಯನ್ನಿನ ಅಂಚಿನಿಂದ ಒರೆಸಿ ನೋಡಿದ. ಕಲೆ ಇಲ್ಲ. ಕುದಿಯುವ ನೀರಿನ ಆವಿಯ ಮೇಲೆ ಮುಖ ಹಿಡಿಸಿದರು. ಕಲೆ ಇಲ್ಲ. ಇವರ ಸಂಭ್ರಮ ನೋಡಿದರೆ ಪರೀಕ್ಷೆ ಪಾಸಾದದ್ದು ಭಾವನ ಬನಿಯನ್ನು ಅನ್ನಬೇಕು. ನಾನು ಹಾಗೆ ಅಂದಾಗ ಅಕ್ಕನಿಗೆ ನಗು ಬಂತು. ಅಮ್ಮ ಗದರಿದಳು.

“ನಗಬೇಡ್ವೇ, ಬಾಯಿ ಪಕ್ಕ ಬಿರುಕು ಬಿಡುತ್ತೆ.”

ಅಕ್ಕ ನಗುವುದನ್ನು ನಿಲ್ಲಿಸಿದಳು. ಪಾತ್ರೆ ತೊಳೆಯುವಾಗ ಅವಳ ಪಕ್ಕ ನಿಂತು ನಾನು ಮೆಲ್ಲಗೆ ಕೇಳಿದೆ, “ನಾಳೆ ಪಾಸಾದ್ರೆ ಏನ್ ಮಾಡ್ತೀಯ?”

“ಇನ್ನೂ ಹತ್ತು ವರ್ಷ ನಿಲ್ತೀನಿ,” ಎಂದಳು. “ಕಾಲು ನೋವಿದ್ರೂ ಪರವಾಗಿಲ್ಲ ಕಣೇ. ಎದುರಿಗೆ ಕೂತೋರು ಯಾರು ಅಂತಾದ್ರೂ ಕಂಡಿದ್ರೆ ಸಾಕಿತ್ತು. ಆ ಹಿಂದಿನ ಕುರ್ಚೀಲಿ ಕೂತಾಗ ನಂಗೆ ಎಲ್ಲ ಕಾಣುತ್ತೆ. ಸ್ಕ್ರೂವಿನ ತಲೆ ಮೇಲಿನ ಗೆರೆ ಕೂಡ ಕಾಣುತ್ತೆ.”

“ಹಾಗಂತ ಬಾಯಿ ಬಿಟ್ಟು ಹೇಳು.”

“ಹೇಳಿದ್ನಲ್ಲ. ಯಾರು ಕೇಳಿಸ್ಕೊಂಡ್ರು?”

ಸೋಮವಾರ ಮಕ್ಕಳನ್ನೆಲ್ಲ ಮನೆಮನೆಗೆ ಇಳಿಸಿ, ನಾನು ಕನ್ನಡಕದಂಗಡಿಯ ಎದುರು ವ್ಯಾನ್ ನಿಲ್ಲಿಸಿದೆ. ಅಮ್ಮ, ಭಾವ ಆಗಲೇ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತಿದ್ದರು, ಕೋರ್ಟಿನ ತೀರ್ಪು ಕೇಳಲು ಬಂದವರ ಹಾಗೆ. ಅಕ್ಕ ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದಳು. ಬೆಳಿಗ್ಗೆ ಹಾಲಿನ ಬಣ್ಣವಿದ್ದದ್ದು ಸಂಜೆಗೆ ಹಳಸಿದ ಹಾಲಿನ ಬಣ್ಣಕ್ಕೆ ತಿರುಗಿತ್ತು. ಕುತ್ತಿಗೆ ಮಾತ್ರ ಅವಳದ್ದೇ ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಯಜಮಾನ ದಿನವಿಡೀ ಅವಳ ಮೂಗಿನ ಮೇಲೆ ಏರಿದ ಫ್ರೇಮುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡು, ಬಿಳಿ ಬಟ್ಟೆಯ ತುದಿಯಿಂದ ಮೂಗಿನ ಗುಂಡಿಗಳನ್ನು ಒಂದೊಂದಾಗಿ ತಿಕ್ಕಿದ. ಬಟ್ಟೆಯನ್ನು ಬೆಳಕಿಗೆ ಹಿಡಿದ. ಬಟ್ಟೆ ಬಿಳಿಯಾಗಿಯೇ ಇತ್ತು.

“ಭೇಷ್,” ಎಂದ. “ಇದಪ್ಪ ಮಾಲು ಅಂದ್ರೆ. ಇನ್ನು ನಿನ್ನ ಜಾಗ ಇಲ್ಲೇ ಗಟ್ಟಿ ಅಂತ ತಿಳ್ಕೊ. ಹಿಂದಿನ ಕುರ್ಚಿಗೂ ಒಬ್ಬನ್ನ ನೋಡಿದ್ದೀನಿ, ನಾಳೆ ಬರ್ತಾನೆ.”

ಅಮ್ಮ ಭಾವನ ಕಡೆ ನೋಡಿ ಹೂವಾಗಿ ಅರಳಿದಳು. ಭಾವ ಬನಿಯನ್ನಿನ ಅಂಚಿನಲ್ಲಿ ಇದನ್ನು ಮೊದಲೇ ಕಂಡುಹಿಡಿದ ವಿಜ್ಞಾನಿಯ ಹಾಗೆ ತಲೆಯಾಡಿಸಿದ. ಅಕ್ಕನ ಮುಖದ ಮೇಲೆ ಏನೂ ಕಾಣಲಿಲ್ಲ. ಆ ಫೌಂಡೇಶನ್ನಿನ ದೊಡ್ಡ ಗುಣ ಅದೇ, ಒಳಗಿನದೇನನ್ನೂ ಹೊರಗೆ ಬಿಡುವುದಿಲ್ಲ. ಅವಳ ಕೈಗಳನ್ನು ನೋಡಿದೆ. ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ನನಗೆ ಆ ಗಳಿಗೆಯಲ್ಲಿ ಅಮ್ಮ, ಭಾವ, ಯಜಮಾನ ಮೂವರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಎಲ್ಲಾದರೂ ಸುರಿದು ಬರಬೇಕು ಅನ್ನಿಸಿತು.

ಅಷ್ಟರಲ್ಲಿ ಒಬ್ಬಳು ಗಿರಾಕಿ ಬಂದಳು. ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ನನ್ನಷ್ಟೇ ಕಪ್ಪು, ನನಗಿಂತ ದೊಡ್ಡ ಮುಖ. ಅವಳ ಕನ್ನಡಕದ ಒಂದು ಗಾಜು ಒಡೆದಿತ್ತು. ಹೊಸ ಗಾಜು ಅಂಗಡಿಗೆ ಬಂದಿತ್ತು, ಕೂರಿಸುವ ಅಜ್ಜ ಇಲ್ಲದೆ ಕೆಲಸ ನಿಂತಿತ್ತು.

“ನಂಗೆ ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ ಸಾರ್. ಇವತ್ತಾದ್ರೂ ಕೊಡಿ.”

“ಆ ಹಳೇ ಫ್ರೇಮ್ ಯಾಕಮ್ಮ ಇನ್ನೂ,” ಎಂದ ಯಜಮಾನ. ಚಿನ್ನದ ಬಣ್ಣದ ಸಣ್ಣ ಫ್ರೇಮೊಂದನ್ನು ತಟ್ಟೆಯಿಂದ ಎತ್ತಿ, ರೂಢಿಯಂತೆ, ಅಕ್ಕನ ಮೂಗಿಗೆ ಏರಿಸಿದ. “ಹೇಗಿದೆ ನೋಡಿ. ಎಷ್ಟು ಲಕ್ಷಣವಾಗಿದೆ.”

ಟೈಲರ್ ಅಕ್ಕನನ್ನು ನೋಡಿದಳು. ಎಲ್ಲರೂ ನೋಡುವ ಹಾಗೆಯೇ ನೋಡಿದಳು, ಬಾಯಿ ಸ್ವಲ್ಪ ತೆರೆದು. ತನ್ನ ಕೆನ್ನೆ ಸವರಿಕೊಂಡಳು.

“ಚೆನ್ನಾಗಿದೆ,” ಎಂದಳು ಸಣ್ಣ ದನಿಯಲ್ಲಿ. “ಹಾಗಾದ್ರೆ ಅದನ್ನೇ ಕೊಡಿ.”

ಅಕ್ಕ ಮೂಗಿನ ಮೇಲಿನ ಫ್ರೇಮನ್ನು ತೆಗೆದು ತಟ್ಟೆಯಲ್ಲಿಟ್ಟಳು. ಕೌಂಟರಿನ ಕೆಳಗಿನಿಂದ ಬ್ಯಾಗ್ ಎಳೆದು, ಒಂದು ಕಡ್ಡಿ ಕಪ್ಪು ಒಂದು ಕಡ್ಡಿ ಕಂದು ಇರುವ ತನ್ನ ಕನ್ನಡಕ ತೆಗೆದು ಹಾಕಿಕೊಂಡಳು. ಹಾಕಿಕೊಂಡು ಆ ಟೈಲರನ್ನು ನೋಡಿದಳು. ಇಷ್ಟು ವರ್ಷಗಳಲ್ಲಿ ಆ ಅಂಗಡಿಯಲ್ಲಿ ಗಿರಾಕಿಯ ಮುಖವನ್ನು ಒಬ್ಬರು ನೋಡಿದ್ದು ಅದೇ ಮೊದಲು ಇರಬೇಕು.

“ಇದು ನಿಮಗೆ ಆಗಲ್ಲ,” ಎಂದಳು. “ನಿಮ್ಮದು ಅಗಲ ಮುಖ, ಇದು ಕಣತಲೆಗೆ ಒತ್ತುತ್ತೆ. ಬಗ್ಗಿ ಹೊಲಿಯುವಾಗ ಜಾರುತ್ತೆ. ನಿಮ್ಮ ಹಳೇ ಫ್ರೇಮೇ ಸರಿಯಾಗಿದೆ. ಕೊಡಿ, ಗಾಜು ಕೂರಿಸ್ಕೊಡ್ತೀನಿ.”

ಯಜಮಾನ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ತಟ್ಟೆಗೆ ಎಸೆದ.

“ಅದನ್ನ ತೆಗಿ ಮೊದ್ಲು,” ಎಂದ ಯಜಮಾನ.

ಅಕ್ಕ ತೆಗೆಯಲಿಲ್ಲ. ಕೌಂಟರಿನ ಮೇಲಿನ ಕನ್ನಡಿ ಗಿರಾಕಿಯ ಕಡೆಗಿತ್ತು. ಅವಳು ಅದನ್ನು ತನ್ನ ಕಡೆ ತಿರುಗಿಸಿಕೊಂಡಳು. ಬಹಳ ಹೊತ್ತು ನೋಡಿದಳು. ದವಡೆಯ ಗಡಿಯನ್ನು ಬೆರಳಿನಿಂದ ಸವರಿದಳು, ಕುತ್ತಿಗೆಯನ್ನು ನೋಡಿದಳು, ಮತ್ತೆ ಮುಖ ನೋಡಿದಳು.

“ಇದನ್ನ ಆರಿಸಿದ್ದು ಯಾರು?” ಎಂದು ಕೇಳಿದಳು.

“ನಾವೇ,” ಎಂದಳು ಅಮ್ಮ. “ಫೋಟೋ ಹಿಡ್ಕೊಂಡು ನೋಡಿ ನೋಡಿ ಆರಿಸಿದ್ವಲ್ಲ. ಥೇಟ್ ಅದೇ ಬಣ್ಣ.”

ಅಕ್ಕನಿಗೆ ನಗು ಬಂತು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ತಡೆಯಲಾಗದೆ ಬಾಯಿ ತುಂಬ ಬಂತು. ಬೆವರಿಗೆ ಹೋಗದ್ದು, ಆವಿಗೆ ಹೋಗದ್ದು, ಬನಿಯನ್ನಿಗೆ ಹೋಗದ್ದು, ಬಾಯಿಯ ಎರಡೂ ಪಕ್ಕದಲ್ಲಿ ಗೆರೆ ಗೆರೆಯಾಗಿ ಬಿರಿಯಿತು. ಬಿರುಕಿನೊಳಗಿಂದ ಗೋಧಿಯ ಬಣ್ಣ ಕಂಡಿತು. ಅಮ್ಮ, “ನಗಬೇಡ್ವೇ,” ಎಂದು ಕೈ ಚಾಚಿದಳು. ಭಾವ ಎದ್ದು ನಿಂತ. ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

ಅಕ್ಕ ಅಮ್ಮನ ಪರ್ಸಿಗೆ ತಾನೇ ಕೈ ಹಾಕಿ, ಪ್ಲಾಸ್ಟಿಕ್ಕಿನಿಂದ ಫೋಟೋ ತೆಗೆದು, ಟ್ಯೂಬ್‌ಲೈಟಿನ ಕೆಳಗೆ ತಾನು ನಿಲ್ಲುತ್ತಿದ್ದ ಜಾಗದಲ್ಲಿ ಕನ್ನಡಿಗೆ ಒರಗಿಸಿ ನಿಲ್ಲಿಸಿದಳು.

“ಸಾರ್, ಇನ್ನು ಮೇಲೆ ಇದಕ್ಕೆ ಹಾಕಿ ತೋರಿಸಿ. ಇದರ ಬಣ್ಣ ಇಪ್ಪತ್ತು ವರ್ಷದಿಂದ ಹೋಗಿಲ್ಲ. ಫ್ರೇಮಿಗೂ ಅಂಟಲ್ಲ. ಕಾಲೂ ನೋಯಲ್ಲ.”

ಟೈಲರ್ ಕೈಯಿಂದ ಹಳೆಯ ಕನ್ನಡಕ, ಕಪಾಟಿನಿಂದ ಹೊಸ ಗಾಜಿನ ಪೊಟ್ಟಣ ತೆಗೆದುಕೊಂಡು ಅವಳು ಹಿಂದಿನ ಕೋಣೆಗೆ ಹೋದಳು. ಕುರ್ಚಿ ಎಳೆದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಸಾಣೆ ಚಕ್ರ ತಿರುಗತೊಡಗಿತು.

ಯಜಮಾನನ ಮುಖ ಕೆಂಪಾಯಿತು. ಕೂಗುತ್ತಾನೆ, ಹೊರಗೆ ಹಾಕುತ್ತಾನೆ ಅಂದುಕೊಂಡು ನಾನು ಬಾಗಿಲಲ್ಲಿ ಸಿದ್ಧವಾಗಿ ನಿಂತೆ, ಬೈಗುಳಗಳನ್ನೂ ಜೋಡಿಸಿಟ್ಟುಕೊಂಡೆ. ಆದರೆ ಅವನು ಹಿಂದಿನ ಕೋಣೆಯ ಕಡೆ ನೋಡಿದ, ಕಾದು ಕೂತ ಟೈಲರನ್ನು ನೋಡಿದ, ಅಜ್ಜ ಹೋದಂದಿನಿಂದ ಕಪಾಟಿನಲ್ಲಿ ರಾಶಿ ಬಿದ್ದಿದ್ದ ಗಾಜಿನ ಪೊಟ್ಟಣಗಳನ್ನು ನೋಡಿದ. ಕೂಗಲಿಲ್ಲ. ಇಂಥವರ ಸಿಟ್ಟೂ ಲಾಭ ನಷ್ಟ ನೋಡಿಕೊಂಡೇ ಬರುತ್ತದೆ, ಹೋಗುತ್ತದೆ.

ಅಕ್ಕ ಕನ್ನಡಕ ತಂದು ಟೈಲರ್ ಮುಖಕ್ಕೆ ಹಾಕಿ, ಕಡ್ಡಿಯನ್ನು ಕಿವಿಯ ಹಿಂದೆ ಸ್ವಲ್ಪ ಬಗ್ಗಿಸಿ, “ತಲೆ ಬಗ್ಗಿಸಿ ನೋಡಿ” ಎಂದಳು. ಟೈಲರ್ ತಲೆ ಬಗ್ಗಿಸಿದಳು. ಕನ್ನಡಕ ಜಾರಲಿಲ್ಲ. ಅವಳು ರವಿಕೆಯ ಎದೆಗೆ ಸಿಕ್ಕಿಸಿದ್ದ ಸೂಜಿ ತೆಗೆದು, ದಾರದ ತುದಿ ನಾಲಿಗೆಗೆ ಮುಟ್ಟಿಸಿ, ಒಂದೇ ಸಲಕ್ಕೆ ಪೋಣಿಸಿದಳು. ಆಮೇಲೆ ಅಕ್ಕನ ಬಿರುಕು ಬಿಟ್ಟ ಮುಖವನ್ನು ನೋಡಿದಳು.

“ಮುಖ ತೊಳ್ಕೊಳ್ಳಿ ಅಮ್ಮ,” ಎಂದಳು, “ಏನೋ ಮೆತ್ತಿಕೊಂಡಿದೆ.”

ಅಕ್ಕ ಒಳಗೆ ಹೋಗಿ ನಲ್ಲಿ ಬಿಟ್ಟಳು. ಟೈಲರ್ ಕೊಟ್ಟ ಹಣವನ್ನು ಯಜಮಾನ ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ. ಹಾಕಿಕೊಳ್ಳುವಾಗ ಗಾಜು ಕೂರಿಸಿದ ಕೈ ಯಾವ ಬಣ್ಣದ್ದು ಎಂದು ಅವನು ಕೇಳಲಿಲ್ಲ. “ನಾಳೆ ಬರೋನಿಗೆ ಬೇಡ ಅಂತ ಹೇಳ್ತೀನಿ ಬಿಡಿ,” ಎಂದು ಯಾರ ಮುಖವನ್ನೂ ನೋಡದೆ ಹೇಳಿದ.

ಅಮ್ಮ ಕಣ್ಣೊರೆಸಿಕೊಂಡಳು. ಬಣ್ಣ ಹಾಳಾಯಿತು, ಬಾಟಲಿ ಹಾಳಾಯಿತು, ತನ್ನ ಕಡೆಯ ಮಾನ ಹಾಳಾಯಿತು ಎಂದು ಸಣ್ಣಗೆ ಹಾಡಿಕೊಳ್ಳುತ್ತ, ಕನ್ನಡಿಗೆ ಒರಗಿಸಿದ್ದ ಫೋಟೋವನ್ನು ಎತ್ತಿ ಪರ್ಸಿಗೆ ಹಾಕಿಕೊಳ್ಳಲು ಹೋದಳು.

ಯಜಮಾನ ಅವಳ ಕೈ ತಡೆದ. ಚಿನ್ನದ ಬಣ್ಣದ ಫ್ರೇಮನ್ನು ಫೋಟೋದ ಮೂಗಿನ ನೇರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

“ಇದನ್ನ ಇಲ್ಲೇ ಬಿಟ್ಟು ಹೋ‌ಗಿ ಅಮ್ಮ,” ಎಂದ. “ದೊಡ್ಡದು ಮಾಡಿಸ್ತೀನಿ.”